ಹಿಡಿದುಕೊಳ್ಳದ ಅನಿಲ

ಲೋಹಾರ್ ಚಾಳಿನಲ್ಲಿ ನಿಯಾನ್ ಈಗ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಮುಂಬಯಿಯ ಕ್ರಾಫರ್ಡ್ ಮಾರ್ಕೆಟ್ಟಿನ ಹತ್ತಿರದ ಈ ವಿದ್ಯುತ್ ಸಾಮಾನಿನ ಪೇಟೆಯಲ್ಲಿ ಅಂಗಡಿಯವನು ಸುರುಳಿ ಬಿಚ್ಚಿ, ಅಳೆದು, ಕತ್ತರಿ ಹಾಕಿ ಕೊಡುತ್ತಾನೆ. ಕೆಂಪು, ಗುಲಾಬಿ, ಹಸಿರು, ಯಾವ ಬಣ್ಣ ಬೇಕೋ ಅದು. ಮುಟ್ಟಿದರೆ ರಬ್ಬರಿನಂತೆ ಮೆತ್ತಗಿರುತ್ತದೆ. ಒಳಗಿರುವುದು ಸಾಲಾಗಿ ಅಂಟಿಸಿದ ಎಲ್‌ಇಡಿ, ಮೇಲೊಂದು ಸಿಲಿಕೋನ್ ಹೊದಿಕೆ. ಸುತ್ತಲಿನ ಗಾಳಿಯಲ್ಲಿ ಇರುವಷ್ಟನ್ನು ಬಿಟ್ಟರೆ ಅದರಲ್ಲಿ ನಿಯಾನ್ ಇಲ್ಲ. ವಸ್ತು ಹೋಗಿ ಹೆಸರು ಉಳಿಯುವುದು ಭಾಷೆಯಲ್ಲಿ ಹೊಸದಲ್ಲ. ಲೋಹಾರ್ ಎಂದರೆ ಕಮ್ಮಾರ. ಆ ಚಾಳಿನಲ್ಲಿ ಈಗ ಕಮ್ಮಾರರನ್ನು ಹುಡುಕಿಕೊಂಡು ಯಾರೂ ಹೋಗುವುದಿಲ್ಲ.

ಗಾಳಿಯಲ್ಲಿರುವಷ್ಟು ಎಂದದ್ದು ತಮಾಷೆಗಲ್ಲ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಒಂದು ಖೋಲಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಈ ಊರಿನಲ್ಲಿ ಅಷ್ಟರೊಳಗೆ ಒಂದಿಡೀ ಸಂಸಾರ ನಡೆಯುತ್ತದೆ. ಆ ಖೋಲಿಯ ಸುಮಾರು 28,000 ಲೀಟರ್ ಗಾಳಿಯಲ್ಲಿ ಆರ್ಗಾನ್ 260 ಲೀಟರ್ ಇರುತ್ತದೆ. ನಿಯಾನ್ ಅರ್ಧ ಲೀಟರ್. ಹೀಲಿಯಂ ಒಂದು ಲೋಟದಷ್ಟು, ಕ್ರಿಪ್ಟಾನ್ ಎರಡು ದೊಡ್ಡ ಚಮಚ, ಕ್ಸೆನಾನ್ ಅರ್ಧ ಟೀ ಚಮಚ. ಉಸಿರಾಡುವವರ ಶ್ವಾಸಕೋಶಕ್ಕೆ ಹೋಗಿ, ಏನೂ ಮಾಡದೆ, ಹೋದ ಹಾಗೇ ಹೊರಗೆ ಬರುತ್ತವೆ. ಹಳೆಯ ಗಾಜಿನ ನಿಯಾನ್ ಬೋರ್ಡಿಗೆ ಅನಿಲ ತುಂಬುವಾಗ ಕೊಳವೆಯೊಳಗೆ ಗಾಳಿಯ ಒತ್ತಡದ ನೂರನೆಯ ಒಂದು ಪಾಲಿನ ಆಸುಪಾಸು ಇದ್ದರೆ ಸಾಕು. ಹಾಗಾಗಿ ಒಂದು ಖೋಲಿಯ ಗಾಳಿಯಲ್ಲಿರುವ ನಿಯಾನ್, ಬೆರಳು ದಪ್ಪದ ಕೊಳವೆಯಲ್ಲಿ ಅರ್ಧ ಕಿಲೋಮೀಟರಿಗೂ ಹೆಚ್ಚು ಉದ್ದ ಬೆಳಗೀತು.

ಬೆಳಗಿಸುವ ಕೆಲಸ ಮಾತ್ರ ಅಷ್ಟು ಸುಲಭದ್ದಲ್ಲ. ಗಾಜಿನ ಕೊಳವೆಯನ್ನು ಉರಿಯಲ್ಲಿ ಹೊರಳಿಸುತ್ತ ಕಾಯಿಸಬೇಕು. ಮೆತ್ತಗಾದ ಕೆಲವೇ ಸೆಕೆಂಡುಗಳಲ್ಲಿ ಮೇಜಿನ ಮೇಲಿನ ನಕ್ಷೆಗೆ ಸರಿಯಾಗಿ ಬಗ್ಗಿಸಬೇಕು. ಬಗ್ಗಿದ ಕಡೆ ಕೊಳವೆ ಚಪ್ಪಟೆಯಾಗದಂತೆ ಬಾಯಲ್ಲಿ ಕಚ್ಚಿಕೊಂಡ ರಬ್ಬರ್ ನಳಿಕೆಯಿಂದ ಮೆಲ್ಲಗೆ ಉಸಿರು ಕೊಡುತ್ತಿರಬೇಕು. ನಕ್ಷೆ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು. ಇದರಲ್ಲಿ ಪೆನ್ನು ಎತ್ತಿ ಬರೆಯುವ ಸೌಕರ್ಯವಿಲ್ಲ. ಒಂದು ಅಕ್ಷರದಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನೂ ಗಾಜಿನಲ್ಲೇ ಮಾಡಿ, ಆ ಭಾಗಕ್ಕೆ ಕಪ್ಪು ಬಣ್ಣ ಬಳಿಯಬೇಕು. ದೇವನಾಗರಿಯಾದರೆ ತಲೆಗೆರೆಯನ್ನು ಎಲ್ಲಿ ಮುರಿಯಬೇಕು, ಎಲ್ಲಿ ಸೇರಿಸಬೇಕು ಎಂಬ ಲೆಕ್ಕ ಬೇರೆ. ಆಮೇಲೆ ಎರಡು ತುದಿಗೆ ಎಲೆಕ್ಟ್ರೋಡು ಬೆಸೆದು, ಗಾಳಿ ಹೀರಿ ತೆಗೆದು, ಭಾರೀ ಕರೆಂಟು ಹಾಯಿಸಿ ಗಾಜನ್ನು ಒಳಗಿನಿಂದ ಬಿಸಿ ಮಾಡಿ, ಅಂಟಿಕೊಂಡ ಕೊಳೆಯನ್ನೆಲ್ಲ ಹೊರಹಾಕಿ, ಕೊನೆಗೆ ಒಂದಿಷ್ಟು ಅನಿಲ ಬಿಟ್ಟು ಮುಚ್ಚಬೇಕು. ಉರಿಯುವಾಗ ನಿಯಾನ್ ಸುಡುವುದಿಲ್ಲ, ಖರ್ಚಾಗುವುದಿಲ್ಲ. ಕೊಳವೆ ಸೋರದಿದ್ದರೆ ದಶಕಗಳವರೆಗೆ ಬಾಳುತ್ತದೆ.

ಕರಾವಳಿಯಿಂದ ಬಂದು ಉಪನಗರಗಳಲ್ಲಿ ಹೋಟೆಲು, ಬಾರು ಕಟ್ಟಿದ ಶೆಟ್ಟರಿಗೆ, ಪೂಜಾರಿಗಳಿಗೆ ಈ ಬೆಳಕು ತೀರ ಪರಿಚಿತ. ಮಳೆಗಾಲದ ಸಂಜೆ ಸ್ಟೇಷನ್ನಿನಿಂದ ಇಳಿದವನಿಗೆ ನೆನೆದ ರಸ್ತೆಯ ಮೇಲೆ ಮೊದಲು ಕಾಣುತ್ತಿದ್ದದ್ದು ಆ ಕೆಂಪು. 2022ರಲ್ಲಿ ಮಹಾರಾಷ್ಟ್ರ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು, ಸಣ್ಣ ಅಂಗಡಿಗಳೂ ಸೇರಿದಂತೆ ಎಲ್ಲ ಕಡೆ ಬೋರ್ಡು ಮರಾಠಿಯಲ್ಲಿ ಎದ್ದು ಕಾಣುವಂತೆ ಇರಬೇಕು ಎಂದಿತು. 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಪಾಲಿಸಲು ಎರಡು ತಿಂಗಳ ಗಡುವು ಕೊಟ್ಟಿತು. ಹೇಗೂ ಬೋರ್ಡು ಬದಲಿಸಲೇಬೇಕು ಎಂದಾದಾಗ ಗಾಜಿನ ಕಡೆ ಹೋಗುವವರು ಯಾರು? "ಮಾವ, ಇದು ಕರೆಂಟು ತಿನ್ನುತ್ತದೆ, ಎಲ್‌ಇಡಿ ಹಾಕುವ" ಎಂದು ಅಳಿಯ ಹೇಳಿದರೆ ಬೇಡವೆನ್ನಲು ಮಾವನಿಗೆ ಕಾರಣ ಸಿಗುವುದಿಲ್ಲ. ಅಳಿಯನ ಮಾತು ಸರಿಯಾಗಿಯೂ ಇದೆ.

ಆದರೆ ಆ ಕೊಳವೆಯೊಳಗೆ ನಡೆಯುತ್ತಿದ್ದದ್ದೇನು ಎಂದು ತಿಳಿದ ಮೇಲೆ ಅದನ್ನು ಬರೀ ಬೋರ್ಡಿನ ಬೆಳಕು ಎಂದು ಬಿಡಲಾಗುವುದಿಲ್ಲ.

ಟ್ರಾನ್ಸ್‌ಫಾರ್ಮರಿನಿಂದ ಸಾವಿರಗಟ್ಟಲೆ ವೋಲ್ಟು ಹಾಯಿಸಿದಾಗ ಕೊಳವೆಯೊಳಗೆ ಎಲೆಕ್ಟ್ರಾನುಗಳು ಓಡುತ್ತವೆ, ಓಡುವಾಗ ಪರಮಾಣುಗಳಿಗೆ ಢಿಕ್ಕಿ ಹೊಡೆಯುತ್ತವೆ. ನಿಯಾನಿನ ಎಲೆಕ್ಟ್ರಾನನ್ನು ಅದರ ಜಾಗದಿಂದ ಮೊದಲ ಮೆಟ್ಟಿಲಿಗೆ ಏರಿಸಲು ಸುಮಾರು 16.6 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಅಡುಗೆ ಉಪ್ಪಿನ ಸೋಡಿಯಮ್ಮಿಗೆ ಬರೀ 2.1 ಸಾಕು. ನಿಯಾನಿನ ಮನೆ ಒಂದು ವಿಚಿತ್ರ ಕಟ್ಟಡ. ನೆಲದಿಂದ ಮೊದಲ ಮೆಟ್ಟಿಲೇ ಎಂಟನೆಯ ಮಹಡಿಯಲ್ಲಿ, ಅಲ್ಲಿಂದ ಮೇಲೆ ಒಂದಕ್ಕೊಂದು ಹತ್ತಿರದ ಸಣ್ಣ ಮೆಟ್ಟಿಲುಗಳು. ಢಿಕ್ಕಿಯಿಂದ ಮೇಲೆ ಹೋದ ಎಲೆಕ್ಟ್ರಾನ್ ಆ ಸಣ್ಣ ಮೆಟ್ಟಿಲುಗಳಲ್ಲಿ ಒಂದು ಹೆಜ್ಜೆ ಇಳಿಯುವಾಗ ಸುಮಾರು 2 ಎಲೆಕ್ಟ್ರಾನ್ ವೋಲ್ಟಿನ ಬೆಳಕು ಹೊರಬರುತ್ತದೆ. ಬೀದಿಯಲ್ಲಿ ಕಾಣುವ ಕೆಂಪು ಅದು. ಉಳಿದ ಎಂಟು ಮಹಡಿ ಇಳಿದು ನೆಲಕ್ಕೆ ಬಂದಾಗ ಹೊರಡುವ ದೊಡ್ಡ ಬೆಳಕು 74 ನ್ಯಾನೋಮೀಟರಿನ ಆಸುಪಾಸಿನ ಅತಿನೇರಳೆ. ಅದು ಕಣ್ಣಿಗೆ ಕಾಣುವುದಿಲ್ಲ, ಗಾಜನ್ನು ದಾಟುವುದೂ ಇಲ್ಲ. ನಿಯಾನ್ ಬೋರ್ಡು ಎಂದು ಜನ ನೋಡಿದ್ದು ದೊಡ್ಡದೊಂದು ಇಳಿತದ ಮೇಲ್ತುದಿಯ ಚೂರನ್ನು ಮಾತ್ರ.

ಇನ್ನೊಂದು ಮಾತು. ಹಳೆಯ ಬೋರ್ಡುಗಳಲ್ಲಿ ನಿಯಾನಿನ ಸ್ವಂತ ಬಣ್ಣ ಕೆಂಪೊಂದೇ. ನೀಲಿ ಕಂಡರೆ ಅದು ಸಾಮಾನ್ಯವಾಗಿ ಆರ್ಗಾನಿನ ಜೊತೆ ಒಂದು ಹನಿ ಪಾದರಸ. ಉಳಿದ ಬಣ್ಣಗಳು ಗಾಜಿನ ಒಳಮೈಗೆ ಬಳಿದ ಪುಡಿಯವು. ನಿಯಾನ್ ಎಂಬ ಹೆಸರಿನಲ್ಲಿ ಆರ್ಗಾನ್ ಅರ್ಧ ಊರನ್ನು ಬೆಳಗಿತು, ಅದಕ್ಕೆ ಯಾರೂ ಹೆಸರು ಕೊಡಲಿಲ್ಲ.

ಹೆಸರಿನ ವಿಷಯದಲ್ಲಿ ಈ ಬಳಗದ ಗ್ರಹಚಾರವೇ ಹಾಗೆ. ಗ್ರೀಕಿನಲ್ಲಿ ಆರ್ಗಾನ್ ಎಂದರೆ ಸೋಮಾರಿ. ಕ್ರಿಪ್ಟಾನ್ ಬಚ್ಚಿಟ್ಟುಕೊಂಡದ್ದು. ಕ್ಸೆನಾನ್ ಪರದೇಶಿ. ನಿಯಾನ್ ಹೊಸತು. (ಇಷ್ಟು ಜನ ಮುಂಬಯಿಯ ಯಾವ ಚಾಳಿನಲ್ಲಾದರೂ ಸಿಗುತ್ತಾರೆ.) ಕನ್ನಡದ ಪಠ್ಯಪುಸ್ತಕಗಳು ಎಲ್ಲವನ್ನೂ ಒಟ್ಟಿಗೆ ಜಡಾನಿಲ ಎಂದು ಕರೆದವು. ಬೇರೆ ಧಾತುಗಳ ಜೊತೆ ಕೂಡುವುದಿಲ್ಲ, ಅದಕ್ಕೆ ಜಡ. ಶಾಲೆಯಲ್ಲಿ ಒಂದು ಅಂಕದ ಪ್ರಶ್ನೆಗೆ ಆ ಉತ್ತರ ಸಾಕಿತ್ತು. ಆದರೆ ಜಡ ಎಂಬ ಮಾತು ಕನ್ನಡದಲ್ಲಿ ಕಲ್ಲಿನ ಪಕ್ಕದಲ್ಲಿ, ಮಂಕುತನದ ಪಕ್ಕದಲ್ಲಿ ಕೂರುತ್ತದೆ. ಜೀವವಿಲ್ಲದ್ದು, ಅಲುಗದ್ದು, ಏನನ್ನೂ ಗ್ರಹಿಸದ್ದು. ಈ ಅನಿಲಗಳ ಮಟ್ಟಿಗೆ ಕೊನೆಯ ಅರ್ಥ ಪೂರ್ತಿ ತಲೆಕೆಳಗು.

ಅವುಗಳಲ್ಲಿ ಒಂದು ಮೊದಲು ಸಿಕ್ಕಿದ್ದೇ ಬೆಳಕಾಗಿ, ಅದೂ ಅರ್ಧ ಕನ್ನಡ ನಾಡಿನಲ್ಲಿ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದ ನೆರಳು ಇಂದಿನ ಉತ್ತರ ಕರ್ನಾಟಕ ದಾಟಿ ಗುಂಟೂರಿನ ಕಡೆ ಹೋಯಿತು. ಜಮಖಂಡಿ ಆಗ ಮುಂಬಯಿಯ ಬ್ರಿಟಿಷ್ ಆಡಳಿತದ ಮೇಲ್ವಿಚಾರಣೆಯಲ್ಲಿದ್ದ ಪಟವರ್ಧನರ ಸಂಸ್ಥಾನ. ಅಲ್ಲಿ ರೋಹಿತದರ್ಶಕ ಹೂಡಿಕೊಂಡು ಕೂತವನು ಲೆಫ್ಟಿನೆಂಟ್ ಜಾನ್ ಹರ್ಷೆಲ್, ಯುರೇನಸ್ ಗ್ರಹ ಕಂಡ ವಿಲಿಯಂ ಹರ್ಷೆಲನ ಮೊಮ್ಮಗ. ಆಗಸ್ಟ್ ತಿಂಗಳು, ಆಕಾಶದ ತುಂಬ ಮೋಡ. ಸಿಕ್ಕಿದ ಸಂದಿನಲ್ಲಿ ಅವನು ಸೂರ್ಯನ ಅಂಚಿನ ಕೆಂಪು ಜ್ವಾಲೆಯತ್ತ ಸಲಕರಣೆ ತಿರುಗಿಸಿ ಮೂರು ಬೆಳಕಿನ ಗೆರೆಗಳನ್ನು ಕಂಡ: ಕೆಂಪು, ಕಿತ್ತಳೆ, ನೀಲಿ. ಕಿತ್ತಳೆಯದು ಸೋಡಿಯಮ್ಮಿನ ಗೆರೆಯೇ ಎಂದು ತಿಳಿದ. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಅದೇ ಗ್ರಹಣವನ್ನು ನೋಡುತ್ತಿದ್ದ. ಎರಡು ತಿಂಗಳ ಮೇಲೆ ಇಂಗ್ಲೆಂಡಿನಲ್ಲಿ ಗ್ರಹಣವಿಲ್ಲದ ದಿನವೇ ಅದನ್ನು ನೋಡಿದ ಲಾಕ್ಯರ್, ಆ ಗೆರೆ ಸೋಡಿಯಮ್ಮಿನದಲ್ಲ, ಪಕ್ಕದ್ದು ಎಂದು ತೋರಿಸಿದ. ಸೋಡಿಯಮ್ಮಿನದು 589 ನ್ಯಾನೋಮೀಟರ್, ಇದು 587.6. ಜಮಖಂಡಿಯ ಮೋಡದ ನಡುವೆ ಕಂಡ ಆ ಬಣ್ಣ ಹೀಲಿಯಮ್ಮಿನದು. ಒಂದೂವರೆ ನ್ಯಾನೋಮೀಟರಿನ ಅಂತರದಲ್ಲಿ ಅದು ಉಪ್ಪಾಗಿ ಹೋಯಿತು. ಭೂಮಿಯ ಮೇಲೆ ಹೀಲಿಯಂ ಸಿಗಲು 1895ರವರೆಗೆ ಕಾಯಬೇಕಾಯಿತು. ಯುರೇನಿಯಂ ಇರುವ ಒಂದು ಖನಿಜದಿಂದ ಅದನ್ನು ಲಂಡನ್ನಿನಲ್ಲಿ ತೆಗೆದವನು ವಿಲಿಯಂ ರಾಮ್ಸೆ.

ಇದೇ ರಾಮ್ಸೆ ಮತ್ತು ಅವನ ಸಹಾಯಕ ಮಾರಿಸ್ ಟ್ರಾವರ್ಸ್ 1898ರಲ್ಲಿ ಕೆಲವೇ ವಾರಗಳಲ್ಲಿ ಕ್ರಿಪ್ಟಾನ್, ನಿಯಾನ್, ಕ್ಸೆನಾನ್ ಮೂರನ್ನೂ ದ್ರವಗಾಳಿಯಿಂದ ಬೇರ್ಪಡಿಸಿದರು. ಎರಡು ವರ್ಷದ ಮೇಲೆ ಜಮ್‌ಷೆಟ್‌ಜಿ ಟಾಟಾ ಮುಂಬಯಿಯಿಂದ ತಮ್ಮ ವಿಜ್ಞಾನ ಸಂಸ್ಥೆಯ ಯೋಜನೆ ಹಿಡಿದು ಓಡಾಡುತ್ತಿದ್ದಾಗ, ಅದು ಎಲ್ಲಿರಬೇಕೆಂದು ನೋಡಿ ಹೇಳಲು ಬಂದವನು ರಾಮ್ಸೆ. ಬೆಂಗಳೂರು ಎಂದ. ಆ ಸಂಸ್ಥೆಯ ಮೊದಲ ನಿರ್ದೇಶಕನಾಗಿ ಬಂದವನು ಟ್ರಾವರ್ಸ್. ಜಗತ್ತಿನಲ್ಲಿ ನಿಯಾನಿನ ಕೆಂಪನ್ನು ಮೊದಲು ಕಂಡ ಎರಡು ಜೊತೆ ಕಣ್ಣುಗಳೂ ಬೆಂಗಳೂರಿನ ಬಯಲನ್ನು ನೋಡಿದ್ದವು ಎಂಬುದು ಭಾರತೀಯ ವಿಜ್ಞಾನ ಮಂದಿರದ ಕತೆ ಹೇಳುವವರು ಅಷ್ಟಾಗಿ ನೆನೆಯದ ಸಂಗತಿ.

ಯುದ್ಧಕಾಲದಲ್ಲಿ ಅದೇ ಸಂಸ್ಥೆಯಲ್ಲಿದ್ದ ಹೋಮಿ ಭಾಭಾ 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಕಟ್ಟಿ, ವರ್ಷ ಮುಗಿಯುವಷ್ಟರಲ್ಲಿ ಮುಂಬಯಿಗೆ ತಂದರು. 1948ರಲ್ಲಿ ಬೆಂಗಳೂರಿನಿಂದ ಅಲ್ಲಿಗೆ ಹೋದವರಲ್ಲಿ ನಂಜನಗೂಡಿನ ಬಿ. ವಿ. ಶ್ರೀಕಂಠನ್ ಒಬ್ಬರು. ಆಕಾಶದಿಂದ ಸುರಿಯುವ ವಿಶ್ವಕಿರಣಗಳಲ್ಲಿನ ಮ್ಯೂವಾನ್ ಕಣಗಳು ನೆಲದೊಳಗೆ ಎಷ್ಟು ಆಳದವರೆಗೆ ಹೋಗುತ್ತವೆ ಎಂದು ಅಳೆಯಲು ಭಾಭಾ ಅವರನ್ನು ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಅರಬ್ಬೀ ಸಮುದ್ರದ ದಡದ ಪ್ರಯೋಗಾಲಯಕ್ಕೂ ಕೆಜಿಎಫ್‌ನ ಕತ್ತಲೆಗೂ ನಡುವೆ ಅಂದು ಶುರುವಾದ ಓಡಾಟ ನಾಲ್ಕು ದಶಕ ನಡೆಯಿತು.

ಇಳಿದಷ್ಟೂ ಮ್ಯೂವಾನುಗಳು ಕಡಿಮೆಯಾದವು. ಎರಡೂವರೆ ಕಿಲೋಮೀಟರಿಗೂ ಕೆಳಗೆ, ಸುಮಾರು ಎರಡು ತಿಂಗಳು ಕಾದರೂ ಸಲಕರಣೆಗಳಲ್ಲಿ ಒಂದೂ ದಾಖಲಾಗಲಿಲ್ಲ. ಬೇರೆಯವರಿಗೆ ಇದು ವ್ಯರ್ಥ ಕಾಯುವಿಕೆ ಎನಿಸಬಹುದಿತ್ತು. ಇವರಿಗೆ ಅದೊಂದು ಅವಕಾಶವಾಗಿ ಕಂಡಿತು. ಅಷ್ಟು ನಿಶ್ಶಬ್ದವಾದ ಜಾಗದಲ್ಲಿ ಏನಾದರೂ ಬಂದು ತಟ್ಟಿದರೆ ಅದು ಯಾವುದನ್ನೂ ತೂರಿ ಹೋಗಬಲ್ಲ ನ್ಯೂಟ್ರಿನೋದ ಕೆಲಸವೇ ಆಗಿರಬೇಕು. ಟಿಐಎಫ್‌ಆರ್, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯ ಸೇರಿ 2.3 ಕಿಲೋಮೀಟರ್ ಆಳದಲ್ಲಿ ಉಪಕರಣ ಹೂಡಿದವು. ಎರಡು ಕಡೆ ಮಿನುಗುವ ಪ್ಲಾಸ್ಟಿಕ್ಕಿನ ಹಲಗೆಗಳ ಗೋಡೆ. ನಡುವೆ ಒಂದರ ಮೇಲೊಂದು ಪೇರಿಸಿದ ಗಾಜಿನ ಕೊಳವೆಗಳು. ಕೊಳವೆಯೊಳಗೆ ನಿಯಾನ್.

ಮುಂಬಯಿಯ ಬಾರಿನ ಬೋರ್ಡಿನಲ್ಲಿರುವುದಕ್ಕೂ ಇದಕ್ಕೂ ವಸ್ತುವಿನಲ್ಲಿ ವ್ಯತ್ಯಾಸವಿಲ್ಲ, ಸ್ವಲ್ಪ ಹೀಲಿಯಂ ಬೆರೆಸಿತ್ತು ಅಷ್ಟೆ. ವ್ಯತ್ಯಾಸ ಇದ್ದದ್ದು ಕ್ರಮದಲ್ಲಿ. ಬೋರ್ಡಿಗೆ ಕರೆಂಟು ಸದಾ ಇರುತ್ತದೆ, ಇಲ್ಲಿ ಇರುವುದಿಲ್ಲ. ಕಣವೊಂದು ಕೊಳವೆಯನ್ನು ದಾಟುವಾಗ ದಾರಿಯ ಕೆಲವು ಪರಮಾಣುಗಳಿಂದ ಎಲೆಕ್ಟ್ರಾನ್ ಕಿತ್ತು ಹೋಗುತ್ತದೆ. ಆ ಎಲೆಕ್ಟ್ರಾನುಗಳು ಆಮ್ಲಜನಕದಂಥ ಅನಿಲದಲ್ಲಿದ್ದರೆ ತಕ್ಷಣ ಯಾವುದೋ ಅಣು ಬಾಚಿಕೊಂಡುಬಿಡುತ್ತದೆ, ಸುಳಿವು ಅಳಿಯುತ್ತದೆ. ನಿಯಾನಿಗೆ ಬೇರೆಯವರ ಎಲೆಕ್ಟ್ರಾನ್ ಬೇಡ. ಅವು ಬಿಡಿಯಾಗಿ ಅಲ್ಲೇ ಉಳಿಯುತ್ತವೆ, ಒಂದು ಸೆಕೆಂಡಿನ ಹತ್ತಾರು ಲಕ್ಷಾಂಶಗಳಷ್ಟು ಹೊತ್ತು. ಅಷ್ಟರಲ್ಲಿ ಪ್ಲಾಸ್ಟಿಕ್ ಗೋಡೆಗಳು ಏನೋ ಬಂದು ಹೋಯಿತು ಎಂದು ಸುದ್ದಿ ಕೊಟ್ಟಿರುತ್ತವೆ. ಕೂಡಲೇ ಎಲ್ಲ ಕೊಳವೆಗಳ ಮೇಲೂ ಒಂದೇ ಏಟಿಗೆ ಭಾರೀ ವೋಲ್ಟೇಜ್ ಬೀಳುತ್ತದೆ. ಎಲೆಕ್ಟ್ರಾನ್ ಉಳಿದಿದ್ದ ಕೊಳವೆಗಳು ಮಾತ್ರ ಕೆಂಪಗೆ ಹೊತ್ತಿಕೊಳ್ಳುತ್ತವೆ. ಕ್ಯಾಮೆರಾ ಫಿಲ್ಮಿನ ಮೇಲೆ ಚುಕ್ಕೆಗಳ ಒಂದು ಸಾಲು ಮೂಡುತ್ತದೆ. ಕಣ ಹೋದ ದಾರಿ ಅದು.

ಜಡ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ನಿಯಾನ್ ಹಿಡಿದುಕೊಳ್ಳುವುದಿಲ್ಲ; ಹಿಡಿದುಕೊಳ್ಳದ ಕಾರಣಕ್ಕೇ ಅದು ಸಾಕ್ಷಿ ಹೇಳಬಲ್ಲದು. ಎಲ್ಲವನ್ನೂ ತನ್ನದು ಮಾಡಿಕೊಳ್ಳುವ ವಸ್ತು ಏನು ದಾಟಿಹೋಯಿತು ಎಂದು ಹೇಳಲಾರದು.

1965ರಲ್ಲಿ ಫಿಲ್ಮುಗಳಲ್ಲಿ ನೆಟ್ಟಗೆ ಮೇಲಿನಿಂದ ಬಂದಿರಲಾರದ ಕಣಗಳ ಸಾಲು ಕಂಡಿತು. ಅಡ್ಡಡ್ಡ ಬಂದ ಮ್ಯೂವಾನ್ ಅಷ್ಟು ಬಂಡೆಯನ್ನು ದಾಟಿ ಬದುಕುವುದು ಸಾಧ್ಯವಿಲ್ಲ, ಅದು ಅಲ್ಲೇ ಪಕ್ಕದ ಬಂಡೆಯಲ್ಲಿ ನ್ಯೂಟ್ರಿನೋದಿಂದ ಹುಟ್ಟಿದ್ದಾಗಿರಬೇಕು. ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಮೊದಲ ಗುರುತುಗಳಲ್ಲಿ ಇವು ಸೇರಿದವು. ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲಿ ರೈನ್ಸ್ ತಂಡದ ಪ್ರಯೋಗ ಅದೇ ಹೊತ್ತಿಗೆ ಅದನ್ನೇ ಕಂಡಿತು. ಅವರ ಗುರುತು ಕೆಲವು ವಾರ ಮೊದಲಿನದು, ಪ್ರಕಟಣೆ ಕೆಲವು ದಿನ ಹಿಂದಿನದು ಕೋಲಾರದ್ದು. ಯಾರು ಮೊದಲು ಎಂಬ ಚರ್ಚೆಗಿಂತ, ಆಗಸ್ಟ್ 1965ರ ಆ ಪ್ರಬಂಧದ ಲೇಖಕರ ಪಟ್ಟಿ ಸ್ವಾರಸ್ಯಕರ. ಆಚಾರ್, ಮೆನನ್, ನರಸಿಂಹಂ, ರಮಣಮೂರ್ತಿ, ಶ್ರೀಕಂಠನ್, ಮಿಯಾಕೆ, ವುಲ್ಫೆಂಡೇಲ್ ಹೀಗೆ ಮೂರು ದೇಶಗಳ ಹೆಸರುಗಳು ಒಂದೇ ಸಾಲಿನಲ್ಲಿವೆ. ಶ್ರೀಕಂಠನ್ ಮುಂದೆ 1975ರಿಂದ 1987ರವರೆಗೆ ಟಿಐಎಫ್‌ಆರ್ ನಿರ್ದೇಶಕರಾದರು.

ಇಷ್ಟೂ ಅನಿಲದ ಮಾತಾಯಿತು. ದ್ರವವಾದಾಗ ಬೆಳಕಿನ ರೀತಿಯೇ ಬದಲಾಗುತ್ತದೆ. ಅದಕ್ಕೆ ಕಾರಣ ಗುಂಪು.

ಬೋರ್ಡಿನ ಕೊಳವೆಯೊಳಗಿನ ಪರಮಾಣು ನಡುರಾತ್ರಿಯ ಕೊನೆಯ ಕರ್ಜತ್ ಲೋಕಲ್ಲಿನಲ್ಲಿ ಕೂತವನ ಹಾಗೆ. ಕೈಕಾಲು ಚಾಚಿದರೂ ಯಾರಿಗೂ ತಾಗುವುದಿಲ್ಲ. ಉದ್ರೇಕಗೊಂಡರೆ ತನ್ನ ಬೆಳಕನ್ನು ತಾನೇ ಬಿಟ್ಟು ಸುಮ್ಮನಾಗುತ್ತದೆ. ಬೆಳಕು ಖಚಿತವಾದ ಗೆರೆಗಳಲ್ಲಿ ಬರುವುದು ಅದಕ್ಕೇ. ಇದೇ ಅನಿಲವನ್ನು ಒತ್ತುತ್ತ ಹೋದರೆ ಗೆರೆಗಳು ಅಗಲವಾಗಿ ಒಂದರೊಳಗೊಂದು ಬೆರೆಯುತ್ತವೆ. ಸಿನಿಮಾ ಟಾಕೀಸಿನ ಪ್ರೊಜೆಕ್ಟರಿನಲ್ಲಿ ಕಾರ್ಬನ್ ಕಡ್ಡಿಗಳ ಜಾಗಕ್ಕೆ ಬಂದ ಕ್ಸೆನಾನ್ ದೀಪ ಹೀಗೆ ಒತ್ತಿ ತುಂಬಿದ ಅನಿಲದ್ದು, ಅದರ ಬೆಳಕು ಹೆಚ್ಚುಕಡಿಮೆ ಹಗಲಿನ ಬಿಳಿ. ಒತ್ತಡ ಎಷ್ಟೆಂದರೆ ದೀಪ ಬದಲಿಸುವ ಆಪರೇಟರು ಮುಖಕ್ಕೆ ರಕ್ಷಾಕವಚ ಹಾಕಿಕೊಳ್ಳಬೇಕು.

ಆರ್ಗಾನನ್ನು ಸೊನ್ನೆಗಿಂತ 186 ಡಿಗ್ರಿ ಕೆಳಗೆ ತಣಿಸಿದರೆ ದ್ರವವಾಗುತ್ತದೆ. ಬೋರ್ಡಿನ ಕೊಳವೆಗೆ ಹೋಲಿಸಿದರೆ ಎಂಬತ್ತು ಸಾವಿರ ಪಟ್ಟಿನಷ್ಟು ದಟ್ಟಣೆ. ಇದು ಬೆಳಗಿನ ಎಂಟು ಗಂಟೆಯ ವಿರಾರ್ ಫಾಸ್ಟ್. ಇಲ್ಲಿ ಉದ್ರೇಕಗೊಂಡ ಪರಮಾಣುವಿಗೆ ತನ್ನ ಸ್ವಂತ ಬೆಳಕು ಬಿಡಲು ಪುರುಸೊತ್ತಿಲ್ಲ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಪಕ್ಕದ ಪರಮಾಣುವಿನ ಜೊತೆ ಜೋಡಿಯಾಗುತ್ತದೆ. ಸಾಮಾನ್ಯ ಸ್ಥಿತಿಯಲ್ಲಿ ಎರಡು ಆರ್ಗಾನ್ ಪರಮಾಣುಗಳು ಹೀಗೆ ಕೂಡುವುದಿಲ್ಲ. ಒಂದು ಉದ್ರೇಕಗೊಂಡಿದ್ದರೆ ಮಾತ್ರ ಕೂಡುತ್ತವೆ. ಜೋಡಿ ಬಾಳುವುದು ಒಂದು ಬಗೆಯಲ್ಲಿ ಸೆಕೆಂಡಿನ ನೂರು ಕೋಟಿಯಲ್ಲಿ ಆರು ಪಾಲು, ಇನ್ನೊಂದು ಬಗೆಯಲ್ಲಿ ಅದರ ಇನ್ನೂರು ಪಟ್ಟಿಗೂ ಹೆಚ್ಚು ಹೊತ್ತು. ಆಮೇಲೆ 128 ನ್ಯಾನೋಮೀಟರಿನ ಸುತ್ತಲಿನ ಬೆಳಕು ಬಿಟ್ಟು ಎರಡೂ ಬೇರೆಯಾಗುತ್ತವೆ. ಒಳಗೆ ಹೊಕ್ಕ ಕಣ ಯಾವ ಜಾತಿಯದು ಎಂಬುದರ ಮೇಲೆ ಬೇಗ ಮುರಿಯುವ ಜೋಡಿಗಳು ಎಷ್ಟು, ತಡವಾಗಿ ಮುರಿಯುವವು ಎಷ್ಟು ಎಂಬುದು ನಿಂತಿದೆ. ಹಾಗಾಗಿ ಬೆಳಕು ಎಷ್ಟು ಹೊತ್ತು ಬಂತೆಂದು ನೋಡಿಯೇ ಬಂದವರು ಯಾರೆಂದು ಊಹಿಸಬಹುದು.

ಈ ಜೋಡಿಯ ಬೆಳಕಿನಲ್ಲಿ ಇನ್ನೊಂದು ಗುಣವಿದೆ, ಅದಿಲ್ಲದಿದ್ದರೆ ಉಳಿದದ್ದೆಲ್ಲ ದಂಡ. ಒಂಟಿ ಪರಮಾಣು ಬಿಟ್ಟ ಅತಿನೇರಳೆಯನ್ನು ಪಕ್ಕದ ಪರಮಾಣು ನುಂಗಿ ಮತ್ತೆ ಉಗುಳಬಲ್ಲದು, ಏಕೆಂದರೆ ಅಳತೆ ಒಂದೇ. ಜೋಡಿಯ ಬೆಳಕಿನಲ್ಲಿ ಶಕ್ತಿ ಸುಮಾರು 9.7 ಎಲೆಕ್ಟ್ರಾನ್ ವೋಲ್ಟ್. ಒಂಟಿ ಆರ್ಗಾನನ್ನು ಎಬ್ಬಿಸಲು 11.5 ಬೇಕು. ಹಾಗಾಗಿ ಸುತ್ತ ಕಿಕ್ಕಿರಿದ ಪರಮಾಣುಗಳಲ್ಲಿ ಯಾವುದೂ ಆ ಬೆಳಕನ್ನು ತಡೆಯಲಾರದು. ದ್ರವ ತನ್ನ ಬೆಳಕಿಗೆ ತಾನೇ ಪಾರದರ್ಶಕ. ಅಷ್ಟಾದರೂ ಪಾತ್ರೆಯೊಳಗೆ ಇಣುಕಿ ನೋಡಿದವನಿಗೆ ಕಾಣುವುದು ನೀರಿನಂಥ ತಿಳಿದ್ರವ, ಮತ್ತು ಕತ್ತಲೆ. ಕೆಂಪು, ನೀಲಿ, ಯಾವುದೂ ಇಲ್ಲ. ಅದನ್ನು ಅತಿನೇರಳೆ ಹೀರಿ ನೀಲಿಯಾಗಿ ಮರಳಿಸುವ ಲೇಪನದ ಮೇಲೆ ಬೀಳಿಸಿಯೇ ಓದಿಕೊಳ್ಳಬೇಕು. ಅನುವಾದದಲ್ಲಿ ಮಾತ್ರ ಸಿಗುವ ಬೆಳಕು ಎನ್ನಬಹುದು. ಅನುವಾದದ ಹಾಗೇ ಇಲ್ಲೂ ಸ್ವಲ್ಪ ಸೋರುತ್ತದೆ.

ಹಿಡಿದುಕೊಳ್ಳದ ಗುಣ ದ್ರವದಲ್ಲೂ ಹಾಗೇ ಇದೆ. ಆಮ್ಲಜನಕದ ಕಲಬೆರಕೆಯನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ತೆಗೆದುಹಾಕಿದರೆ ಕಣ ಕಿತ್ತ ಎಲೆಕ್ಟ್ರಾನುಗಳು ಆರ್ಗಾನಿನೊಳಗೆ ಮೀಟರುಗಟ್ಟಲೆ ತೇಲಿ ಹೋಗಿ ದಡ ಸೇರುತ್ತವೆ. ಕೋಲಾರದ ಕೊಳವೆಗಳಲ್ಲಿ ಕಣ್ಣಳತೆಯಲ್ಲಿ ನಡೆದ ಕೆಲಸವೇ ಇಲ್ಲಿ ಮನೆಯಷ್ಟು ದೊಡ್ಡ ತೊಟ್ಟಿಗಳಲ್ಲಿ ನಡೆಯುತ್ತದೆ. ಅಮೆರಿಕದ ಡ್ಯೂನ್ ಪ್ರಯೋಗಕ್ಕೆ ಯೋಜಿಸಿರುವ ಒಂದೊಂದು ತೊಟ್ಟಿಯಲ್ಲೂ 17,000 ಟನ್ ದ್ರವ ಆರ್ಗಾನ್ ಹಿಡಿಯುತ್ತದೆ. ಅವು ಕೂರುವುದು ದಕ್ಷಿಣ ಡಕೋಟದ ಲೀಡ್ ಎಂಬ ಊರಿನಲ್ಲಿ, ಒಂದೂವರೆ ಕಿಲೋಮೀಟರ್ ಆಳದಲ್ಲಿ, ಒಂದು ಹಳೆಯ ಚಿನ್ನದ ಗಣಿಯೊಳಗೆ. 1,300 ಕಿಲೋಮೀಟರ್ ದೂರದ ಫರ್ಮಿಲ್ಯಾಬಿನಿಂದ ಅಲ್ಲಿಗೆ ನ್ಯೂಟ್ರಿನೋ ಕಳಿಸುವ ವೇಗವರ್ಧಕ ಯಂತ್ರಕ್ಕೆ ಭಾಗಗಳನ್ನು ಮಾಡಿಕೊಡುತ್ತಿರುವ ಭಾರತದ ಸಂಸ್ಥೆಗಳಲ್ಲಿ ಮುಂಬಯಿಯ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರವೂ ಒಂದು. ಒಳ್ಳೆಯ ಕೆಲಸ, ಕಷ್ಟದ ಕೆಲಸ. ಆದರೂ ಅರವತ್ತು ವರ್ಷದ ಕೆಳಗೆ ಬೆಳಕು ಬಿದ್ದ ಫಿಲ್ಮನ್ನು ತೊಳೆದು ನೋಡುತ್ತಿದ್ದ ಕಡೆಯವರು ಈಗ ಆ ಬೆಳಕಿಗೆ ದೂರದಿಂದ ಸಾಮಾನು ಒದಗಿಸುತ್ತಿದ್ದಾರೆ.

ತಮಿಳುನಾಡಿನ ತೇನಿಯ ಬೆಟ್ಟದಡಿ ಭಾರತದ್ದೇ ನ್ಯೂಟ್ರಿನೋ ವೀಕ್ಷಣಾಲಯ ಕಟ್ಟಲು 2015ರಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿತು. ಸ್ಥಳೀಯರ ಮತ್ತು ರಾಜ್ಯದ ವಿರೋಧದಲ್ಲಿ ಅದು ನಿಂತುಹೋಯಿತು. ಕೋಲಾರದಲ್ಲಿ ಪ್ರಯೋಗಗಳು 1990ರ ದಶಕದ ಆರಂಭದಲ್ಲಿ ಮುಗಿದವು, 2001ರಲ್ಲಿ ಗಣಿಯೇ ಮುಚ್ಚಿತು. ಪಂಪುಗಳು ನಿಂತ ಮೇಲೆ ಆಳದ ಸುರಂಗಗಳಲ್ಲಿ ನೀರು ಏರಿತು. ಲೀಡ್‌ನ ಗಣಿಯೂ ಅದರ ಮರುವರ್ಷವೇ ಮುಚ್ಚಿತ್ತು, ಅಲ್ಲೂ ನೀರು ತುಂಬಿತ್ತು. 2008ರಲ್ಲಿ ಅವರು ಪಂಪು ಹಚ್ಚಿ ನೀರು ಎತ್ತಲು ಶುರುಮಾಡಿದರು.